ಅಕುಲೀನಾ ಟೀಚರ್ ಡಬ್ಬಿ ನುಡಿದ ಸಾಕ್ಷಿ

"ಓದಿ ಟೀಚರ್, ಜೋರಾಗಿ ಓದಿ," ಎಂದು ವಿಸ್ಸಾರಿಯೋನ್ ಆ ಡಬ್ಬಿಯನ್ನು ನನ್ನ ಊಟದ ಮೇಜಿನ ಮೇಲೆ ಕುಕ್ಕಿದ. "ಮನುಷ್ಯರು ಸುಳ್ಳು ಹೇಳ್ತಾರೆ, ನೀವು ಮಾಡಿದ ಡಬ್ಬಿ ಹೇಳಲ್ಲ. ಭಾನುವಾರ ನನ್ನ ಕಾರು ಅಂಗಳ ಬಿಟ್ಟು ಅಲ್ಲಾಡಿಲ್ಲ. ಅದರ ಬಾಯಲ್ಲೇ ಕೇಳಿಬಿಡಿ."

ಬೆಳಿಗ್ಗೆ ಹತ್ತೂವರೆ. ಸೂರ್ಯ ಆಗಷ್ಟೇ ಏಳುವ ಮನಸ್ಸು ಮಾಡುತ್ತಿದ್ದ. ಹೊರಗೆ ಸೊನ್ನೆಗಿಂತ ನಲವತ್ತೊಂಬತ್ತು ಡಿಗ್ರಿ ಕೆಳಗೆ. ಯಾಕುತಿಯಾದ ಜನವರಿಯ ಮಂಜೆಂದರೆ ಸಾಮಾನ್ಯವಲ್ಲ, ನಮ್ಮ ಕುಯೆಲ್ ಊರಿನ ಮಂಜಂತೂ ಅದಕ್ಕೂ ಅಪ್ಪ. ಅಂಗಡಿಗೆ ಹೋಗಬೇಕಾದರೆ ನಾನು ಅದರಲ್ಲಿ ಕೊಡಲಿಯಿಂದ ಬಾಗಿಲು ಕಡಿದುಕೊಂಡು ಹೋಗುತ್ತೇನೆ. ನನ್ನ ಹಿಂದೆ ಇಡೀ ಬೀದಿ ಅದೇ ಬಾಗಿಲಲ್ಲಿ ನುಗ್ಗುತ್ತದೆ. ಒಬ್ಬರೂ ಥ್ಯಾಂಕ್ಸ್ ಹೇಳುವುದಿಲ್ಲ.

ಮೇಜಿನ ಸುತ್ತ ನಾವು ನಾಲ್ವರು. ಹಳೆಯ ಬೆಳ್ಳಿ ಕೊಂಡು ಮಾರುವ ವಿಸ್ಸಾರಿಯೋನ್, ನರಿಚರ್ಮದ ಟೊಪ್ಪಿಯನ್ನೂ ತೆಗೆಯದೆ ಕಾಲು ಚಾಚಿ ಕೂತಿದ್ದ. ಊರಿನ ಪೊಲೀಸ್ ಎರ್ಚಿಮ್ ಬೆನ್ನು ನೆಟ್ಟಗೆ ಮಾಡಿ ಕೈಕಟ್ಟಿಕೊಂಡಿದ್ದ. ಕಾರಣ, ಎದುರಿಗಿದ್ದದ್ದು ಅವನಿಗೆ ಏಳು ವರ್ಷ ಭೌತಶಾಸ್ತ್ರ ಕಲಿಸಿದ ಅಕುಲೀನಾ ರೊಮಾನೊವ್ನಾ. ಎಪ್ಪತ್ತೊಂದರ ಹೆಂಗಸು, ಚಹಾದ ಕೆಟಲ್‌ಗಿಂತ ಒಂದು ಗೇಣು ಎತ್ತರ, ತಲೆಯೊಳಗೆ ಮಾತ್ರ ಮೂರು ವಿಶ್ವವಿದ್ಯಾಲಯಗಳಿಗೆ ಆಗಿ ಮಿಕ್ಕುವಷ್ಟು ಸಾಮಾನು. ನಾಲ್ಕನೆಯವನು ನಾನು, ಗವ್ರೀಲ್. ಮೂವತ್ತೊಂದು ಚಳಿಗಾಲ ಹೆಪ್ಪುಗಟ್ಟಿದ ನದಿಗಳ ಮೇಲೆ ಲಾರಿ ಓಡಿಸಿದವನು. ಮಂಜುಗಡ್ಡೆ ಬಿರುಕು ಬಿಡುವ ಮೊದಲು ನನ್ನ ಅಪ್ಪಣೆ ಕೇಳುತ್ತಿತ್ತು.

ಕಳೆದ ಭಾನುವಾರ ಮಧ್ಯಾಹ್ನ ಇಲ್ಲಿಂದ ತೊಂಬತ್ತು ಕಿಲೋಮೀಟರ್ ದೂರದ ಅರೀಲಾಖ್ ಊರಿನ ಮ್ಯೂಸಿಯಂನಿಂದ ಮದುವಣಗಿತ್ತಿಯ ಇನ್ನೂರು ವರ್ಷದ ಬೆಳ್ಳಿ ಎದೆಹಾರ ಮಾಯವಾಗಿತ್ತು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಮ್ಯೂಸಿಯಂ ನೋಡಿಕೊಳ್ಳುವ ಒಬ್ಬಳ ಹತ್ತಿರ ಮಾತ್ರ. ಅವಳು ನನ್ನ ತಂಗಿ ಮಾವ್ರಾ.

ಭಾನುವಾರವಿಡೀ ಜ್ವರ ಬಂದು ಅರೀಲಾಖ್‌ನ ಮನೆಯಲ್ಲೇ ಮಲಗಿದ್ದೆ ಎಂದು ಅವಳು ಹೇಳಿದ್ದಳು. ನೋಡಿದವರು ಯಾರೂ ಇಲ್ಲ. ನಿನ್ನೆ ಎರ್ಚಿಮ್ ಅವಳನ್ನು ಕರೆತಂದು ತನ್ನ ಕಚೇರಿಯಲ್ಲಿ ಕೂರಿಸಿದ್ದ. ಇವತ್ತು ಎರಡು ಗಂಟೆಗೆ ಅವಳನ್ನು ಕಾರಿನಲ್ಲಿ ಪಟ್ಟಣಕ್ಕೆ ಒಪ್ಪಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂದಿತ್ತು. ಅಲ್ಲಿಗೆ ಹೋದವರು ಬೇಗ ಬರುವುದಿಲ್ಲ. ಅಷ್ಟರೊಳಗೆ ಕಳ್ಳ ಬೇರೆಯವನೆಂದು ತೋರಿಸಿದರೆ ಕಾರು ಹೊರಡುವುದಿಲ್ಲ ಎಂದು ಎರ್ಚಿಮ್ ಮಾತು ಕೊಟ್ಟಿದ್ದ.

ಟೀಚರಿಗೆ ಅನುಮಾನ ಇದ್ದದ್ದು ವಿಸ್ಸಾರಿಯೋನ್ ಮೇಲೆ. ಹಿಂದಿನ ವಾರವೇ ಅವನು ಆ ಹಾರದ ಫೋಟೋ ಹಿಡಿದು ಪಟ್ಟಣದ ಯಾರೋ ದೊಡ್ಡವರೊಂದಿಗೆ ಫೋನಿನಲ್ಲಿ ಮಾತಾಡಿದ್ದನ್ನು ಅಂಗಡಿಯಲ್ಲಿ ಅರ್ಧ ಊರು ಕೇಳಿತ್ತು. ಆದರೆ ನೂರೆಂಬತ್ತು ಕಿಲೋಮೀಟರ್ ಹೋಗಿ ಬರಲು ಕಾರು ಬೇಕು. ಅವನ ಕಾರು ಹನ್ನೊಂದೂವರೆಯಿಂದ ಆರರವರೆಗೆ ಅಂಗಳದಲ್ಲೇ ಹೊಗೆ ಬಿಡುತ್ತ ನಿಂತಿತ್ತೆಂದು ಎದುರುಮನೆಯ ಫೆವ್ರೋನ್ಯಾ ಅಜ್ಜಿ ಆಣೆ ಮಾಡಿ ಹೇಳಿದ್ದರು.

ಈಗ ಅವನೇ ಎರಡನೆಯ ಸಾಕ್ಷಿಯನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದ.

ಈ ಡಬ್ಬಿಯ ಬಗ್ಗೆ ಒಂದು ಕೂದಲೆಳೆಯಷ್ಟೂ ಹೆಚ್ಚು ಮಾಡದೆ ಹೇಳುತ್ತೇನೆ: ಬೆಂಕಿಯನ್ನು ಕಂಡುಹಿಡಿದವನ ನಂತರ ನಮ್ಮ ಸೀಮೆಗೆ ಇಷ್ಟು ಉಪಕಾರ ಮಾಡಿದವರು ಅಕುಲೀನಾ ಟೀಚರ್ ಒಬ್ಬರೇ.

ಮೊದಲು ನಾವು ಹೇಗೆ ಬದುಕುತ್ತಿದ್ದೆವು? ಅಕ್ಟೋಬರಿನಲ್ಲಿ ಹಚ್ಚಿದ ಎಂಜಿನ್ನನ್ನು ಏಪ್ರಿಲ್‌ವರೆಗೂ ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆರಿಸಿದವರು ಬ್ಯಾಟರಿ ಬಿಚ್ಚಿ ಮನೆಯೊಳಗೆ ಹೊರುತ್ತಿದ್ದರು. ನಾನು ಹನ್ನೊಂದು ವರ್ಷ ನನ್ನ ಲಾರಿಯ ಬ್ಯಾಟರಿಯನ್ನು ಹಾಸಿಗೆಯಲ್ಲೇ ಮಲಗಿಸಿಕೊಂಡಿದ್ದೇನೆ. ಒಲೆಯ ಕಡೆ ಬ್ಯಾಟರಿ, ಗೋಡೆಯ ಕಡೆ ಹೆಂಡತಿ. ಇಬ್ಬರಲ್ಲಿ ಬೆಳಿಗ್ಗೆ ಬೇಗ ಏಳುತ್ತಿದ್ದದ್ದು ಬ್ಯಾಟರಿ.

ಆಮೇಲೊಂದು ಚಳಿಗಾಲ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಸಾಗಿಸಲು ಮೂರು ಕಾರುಗಳನ್ನು ಎಬ್ಬಿಸಲು ಹೋದರೆ ಮೂರೂ ಏಳಲಿಲ್ಲ. ಕೊನೆಗೆ ಕುದುರೆಗಾಡಿಯಲ್ಲಿ ಒಯ್ದೆವು. ತಾಯಿ ಮಗು ಉಳಿದರು. ಆದರೆ ಟೀಚರ್ ಅವತ್ತು ಮನೆಗೆ ಹೋಗಿ ಶಾಲೆಯ ಹಳೆಯ ಸಾಮಾನಿನ ಪೆಟ್ಟಿಗೆ ತೆರೆದು, ಬೆಸುಗೆ ಕಡ್ಡಿ ಬಿಸಿಗಿಟ್ಟರು.

ಚಹಾಪುಡಿಯ ತಗಡಿನ ಡಬ್ಬಿ. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಮೈಕ್ರೋಕಂಟ್ರೋಲರ್ ಚಿಪ್, ಮೇಲೆ ಉಣ್ಣೆಯ ಹೊದಿಕೆ. ಐದು ನಿಮಿಷಕ್ಕೊಮ್ಮೆ ಅದು ಕಣ್ಣು ಬಿಟ್ಟು, ಎಂಜಿನ್ನಿಗೆ ಅಂಟಿಸಿದ ತಂತಿಯ ಮೂಲಕ ಎಷ್ಟು ಚಳಿ ಎಂದು ವಿಚಾರಿಸುತ್ತದೆ. ಸೊನ್ನೆಗಿಂತ ಇಪ್ಪತ್ತು ಕೆಳಗೆ ಇಳಿದಿದ್ದರೆ, ಎಂಜಿನ್ ಹಚ್ಚಲೆಂದು ಒಳಗೇ ಬೆಸುಗೆ ಹಾಕಿಟ್ಟ ರಿಮೋಟಿನ ಗುಂಡಿ ಒತ್ತುತ್ತದೆ. ಎಂಜಿನ್ ಏಳುತ್ತದೆ. ಐವತ್ತು ಡಿಗ್ರಿ ಬಿಸಿಯಾದ ಮೇಲೆ ಆರಿಸಿ ತಾನೂ ಮಲಗುತ್ತದೆ. ಎಂಜಿನ್ ಏಳದಿದ್ದರೆ ಮೂರು ಸಲ ಪ್ರಯತ್ನಿಸಿ ಸುಮ್ಮನಾಗುತ್ತದೆ, ಇಲ್ಲದಿದ್ದರೆ ಬ್ಯಾಟರಿ ಸತ್ತೀತು. ಆಗ ಮನುಷ್ಯನೇ ಹೋಗಿ ಕೈಯಲ್ಲಿ ಹಿಡಿಯುವ ಇನ್ನೊಂದು ಗುಂಡಿ ಒತ್ತಬೇಕು.

ಇಷ್ಟನ್ನೂ ಅದು ದಿನಚರಿಯಲ್ಲಿ ಬರೆದಿಡುತ್ತದೆ. ತಾನೇ ಎಬ್ಬಿಸಿದರೆ ಒಂದು ಚುಕ್ಕೆ. ಕೈಯಿಂದ ಎಬ್ಬಿಸಿದರೆ ಒಂದು ಕತ್ತರಿ ಗುರುತು. ಊರಲ್ಲಿ ಇಪ್ಪತ್ತಮೂರು ಕಾರುಗಳಿಗೆ ಟೀಚರ್ ಇದನ್ನು ಕಟ್ಟಿಕೊಟ್ಟಿದ್ದಾರೆ. ಕೂಲಿ, ಒಂದು ಬಿಲ್ಲೆ ಹೆಪ್ಪುಗಟ್ಟಿದ ಹಾಲು.

ಟೀಚರ್ ಡಬ್ಬಿಗೆ ವೈರು ಸಿಕ್ಕಿಸಿ ಶಾಲೆಯಿಂದ ತಂದ ಲ್ಯಾಪ್‌ಟಾಪ್ ತೆರೆದರು. ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಹಿಮಸಾರಂಗ ಹುಟ್ಟಿ ದೊಡ್ಡದಾಗಿ ಸಂಸಾರ ಹೂಡಬಹುದು. ಕಾಯುತ್ತ ಅವರು ರೊಟ್ಟಿಯ ಚೂರಿಗೆ ಬೆಣ್ಣೆ ಸವರಿ ಒಲೆಯ ಬೆಂಕಿಗೆ ಉಣಿಸಿದರು. ದೊಡ್ಡ ಕೆಲಸಕ್ಕೆ ಮೊದಲು ಬೆಂಕಿಗೆ ಕೊಡದೆ ಇರುವವರಲ್ಲ. ವಿಸ್ಸಾರಿಯೋನ್ ಕೂಡ ಎದ್ದು ಒಂದು ಚೂರು ಹಾಕಿದ, ಅವರದಕ್ಕಿಂತ ದೊಡ್ಡದು.

ಎರ್ಚಿಮ್ ತನ್ನ ಚೀಲದಿಂದ ಸಾಕ್ಷಿಯ ಸಾಮಾನುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಮ್ಯೂಸಿಯಂನ ಕೀಲಿಯೂ ಇತ್ತು, ಒಂದು ಹಸಿರು ಉಲ್ಲನ್ ದಾರದಲ್ಲಿ ನೇತಾಡುತ್ತ. ಆಮೇಲೆ ಅವನ ಕಣ್ಣು ನನ್ನ ಕೈಯತ್ತ ಹೋಯಿತು. ಕೈ ಸುಮ್ಮನಿರದ ಜಾತಿ ನನ್ನದು. ಕುದುರೆಬಾಲದ ಕಪ್ಪು ಬಿಳಿ ಕೂದಲು ಹೆಣೆಯುತ್ತ ಕೂತಿದ್ದೆ.

"ಇದೇನು ಗಂಟು, ಗವ್ರೀಲ್ ಮಾವ? ನಾನು ಎಲ್ಲೂ ನೋಡಿಲ್ಲ," ಎಂದ.

ನೋಡಿರಲು ಸಾಧ್ಯವಿಲ್ಲ ಎಂದು ವಿವರಿಸಿದೆ. ಏಳು ಸುತ್ತು ಒಳಗೆ, ಏಳು ಹೊರಗೆ, ನಡುವೆ ಒಂದು ಬಿಳಿ ಎಳೆ ಹಾವಿನಂತೆ ನುಸುಳಿ ಹೋಗುವ ಗಂಟು. ನದಿಯಲ್ಲಿ ಮುಳುಗುತ್ತಿದ್ದ ಹತ್ತು ಟನ್ ಲಾರಿಯನ್ನು ಇಂಥದೇ ಹುರಿಯಲ್ಲಿ ಕಟ್ಟಿ, ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಚಹಾ ಕುಡಿದವನು ನಾನು.

"ಈ ಭೂಮಿ ಮೇಲೆ ಈ ಗಂಟು ಗೊತ್ತಿರೋದು ಈ ಹತ್ತು ಬೆರಳಿಗೆ ಮಾತ್ರ," ಎಂದೆ. "ಬರೆದುಕೋ ಬೇಕಾದ್ರೆ. ಇಲ್ಲಿ ತನಕ ಕಟ್ಟಿರೋದು ಮೂರೇ ಮೂರು ಹುರಿ. ಒಂದು ನನ್ನ ಚಾಕೂಗೆ. ಒಂದು ಟೀಚರ್ ಕನ್ನಡಕಕ್ಕೆ. ಇನ್ನೊಂದು..."

"ತೆರೆದುಕೊಂಡಿತು," ಎಂದರು ಟೀಚರ್.

ನನ್ನ ಮಾತು ಅಲ್ಲೇ ನಿಂತಿತು. ವಿಸ್ಸಾರಿಯೋನ್ ಕಿಟಕಿಯತ್ತ ಮುಖ ತಿರುಗಿಸಿ, ಗಾಜಿನ ಮೇಲಿನ ಹಿಮವನ್ನು ಉಗುರಿನಿಂದ ಕೆರೆಯುತ್ತಿದ್ದ.

ಟೀಚರ್ ಓದತೊಡಗಿದರು. ಭಾನುವಾರ ಹನ್ನೊಂದೂ ನಲವತ್ತು, ಚುಕ್ಕೆ. ಹನ್ನೆರಡೂ ಇಪ್ಪತ್ತು, ಚುಕ್ಕೆ. ಒಂದು ಗಂಟೆ, ಚುಕ್ಕೆ. ಒಂದೂ ನಲವತ್ತು. ಎರಡೂ ಇಪ್ಪತ್ತು. ಮುಂದಿನ ಸಾಲಿನ ಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಕೆಳಕ್ಕೆ ಜಾರಿ ನಾಲ್ಕು ಗಂಟೆ ಎಂದರು. ಹೀಗೇ ಆರರವರೆಗೆ.

"ಕೇಳಿದ್ಯಾ ಎರ್ಚಿಮ್," ಎಂದು ವಿಸ್ಸಾರಿಯೋನ್ ಟೊಪ್ಪಿಯನ್ನು ಹಿಂದಕ್ಕೆ ತಳ್ಳಿದ. "ನಲವತ್ತು ನಿಮಿಷಕ್ಕೊಮ್ಮೆ ನನ್ನ ಕಾರು ಇಲ್ಲೇ ಉಸಿರು ಬಿಟ್ಟಿದೆ. ತೊಂಬತ್ತು ಕಿಲೋಮೀಟರ್ ನಾನು ಕಾಗೆ ಮೇಲೆ ಕೂತು ಹೋದೆನಾ?"

ಎರ್ಚಿಮ್ ನನ್ನ ಕಡೆ ನೋಡದೆ ಕೈಗವಸು ಎತ್ತಿಕೊಂಡ. ಎರಡು ಗಂಟೆ ಒಂದೇ ನೆಗೆತಕ್ಕೆ ಹತ್ತಿರ ಬಂದು ಕೂತಿತು.

ಟೀಚರ್ ಮಾತ್ರ ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ನಿಧಾನವಾಗಿ ಒರೆಸಿದರು.

"ವಿಸ್ಸಾರಿಯೋನ್, ಭಾನುವಾರ ನಿನ್ನ ಕಾರಿಗೆ ಜ್ವರ ಬಂದಿತ್ತೇನಪ್ಪ?"

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ, ಆದರೆ ಆದವನಂತೆ ತಲೆಯಾಡಿಸಿದೆ.

ಟೀಚರ್ ಶನಿವಾರದ ಪುಟ ತೆಗೆದರು. ಅದೇ ಚಳಿ, ಅದೇ ಡಬ್ಬಿ. ಶನಿವಾರ ಎಂಜಿನ್ ಇಪ್ಪತ್ತು ಕೆಳಗಿನಿಂದ ಐವತ್ತು ಮೇಲಕ್ಕೆ ಬಿಸಿಯಾಗಲು ಇಪ್ಪತ್ತೈದು ನಿಮಿಷ ಹಿಡಿದಿತ್ತು. ಮತ್ತೆ ತಣ್ಣಗಾಗಲು ಎರಡು ಗಂಟೆ ನಲವತ್ತು ನಿಮಿಷ. ಶುಕ್ರವಾರವೂ ಹಾಗೇ, ಗುರುವಾರವೂ ಹಾಗೇ. ಭಾನುವಾರ ಮಾತ್ರ ಬಿಸಿಯಾಗಲು ಆರು ನಿಮಿಷ, ತಣ್ಣಗಾಗಲು ಮೂವತ್ತನಾಲ್ಕು.

"ಎರ್ಚಿಮ್, ಎದ್ದು ನಿಲ್ಲು," ಎಂದರು. ಮೂವತ್ತನಾಲ್ಕು ವರ್ಷದ ಪೊಲೀಸ್ ಎದ್ದು ನಿಂತ. "ಹಂಡೆಯಷ್ಟು ನೀರು ಕಾಯಿಸೋ ಒಂದು ದೊಡ್ಡ ಸಮೋವಾರ್, ಒಂದು ಚಹಾ ಲೋಟ. ಎರಡಕ್ಕೂ ಕುದಿಯೋ ನೀರು ತುಂಬಿ ಹೊರಗಿಟ್ಟೆ. ಯಾವುದು ಮೊದಲು ಹೆಪ್ಪುಗಟ್ಟುತ್ತೆ?"

"ಲೋಟ, ಅಕುಲೀನಾ ರೊಮಾನೊವ್ನಾ."

"ಎಂಟನೇ ತರಗತಿ ಪರೀಕ್ಷೇಲಿ ಸಮೋವಾರ್ ಅಂತ ಬರೆದಿದ್ದೆ. ಪರವಾಗಿಲ್ಲ, ಕೂತ್ಕೋ. ಬೇಗ ಬಿಸಿಯಾಗೋದು ಯಾವುದು?"

"ಅದೂ ಲೋಟಾನೇ."

"ಹಾಗಾದ್ರೆ ಭಾನುವಾರ ನನ್ನ ಡಬ್ಬಿ ಎಬ್ಬಿಸ್ತಾ ಇದ್ದದ್ದು ಸಮೋವಾರನ್ನಲ್ಲ," ಎಂದರು ಟೀಚರ್. "ಲೋಟವನ್ನ."

ಒಲೆಯಲ್ಲಿ ಸೌದೆ ಕುಸಿದ ಸದ್ದು ನನಗೆ ಬೆಟ್ಟ ಕುಸಿದಂತೆ ಕೇಳಿಸಿತು.

ವಿಸ್ಸಾರಿಯೋನ್ ಮೂರ್ಖನಲ್ಲ. ಭಾನುವಾರ ಗಾಳಿಗೆ ಕಾರಿನ ಮೇಲಿನ ರಜಾಯಿ ಜಾರಿತ್ತು, ಅದಕ್ಕೇ ಬೇಗ ತಣ್ಣಗಾಗಿದೆ ಎಂದ. ಟೀಚರ್ ತಾಳ್ಮೆಯಿಂದ ಕೇಳಿಸಿಕೊಂಡರು. ಇಂಥ ಮಂಜು ಕವಿಯುವುದೇ ಗಾಳಿ ಸತ್ತಾಗ, ಭಾನುವಾರ ಮೂವತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ ಎಂದು ನೆನಪಿಸಿದರು. ಒಂದು ವೇಳೆ ರಜಾಯಿ ಜಾರಿದ್ದರೆ ಎಂಜಿನ್ ಬೇಗ ತಣ್ಣಗಾಗಬೇಕಿತ್ತು ನಿಜ, ಆದರೆ ಬಿಸಿಯಾಗಲು ಇನ್ನೂ ಹೆಚ್ಚು ಹೊತ್ತು ಬೇಕಿತ್ತು. ಇದು ಎರಡರಲ್ಲೂ ಅವಸರ ಮಾಡಿದೆ. ಎರಡರಲ್ಲೂ ಅವಸರ ಮಾಡುವುದು ಚಿಕ್ಕದು ಮಾತ್ರ.

ನಿನ್ನೆ ಫೆವ್ರೋನ್ಯಾ ಅಜ್ಜಿಯ ಮನೆಗೆ ಹೋಗಿ ಅವರು ಒಂದೇ ಪ್ರಶ್ನೆ ಕೇಳಿ ಬಂದಿದ್ದರಂತೆ: ಕಣ್ಣಿಗೆ ಕಂಡದ್ದು ಬಿಡಿ, ಕಿವಿಗೆ ಹೇಗೆ ಕೇಳಿಸಿತು? ಅಜ್ಜಿ ತಕ್ಷಣ ಗೊಣಗಿದ್ದರು. ಭಾನುವಾರ ಅವನ ಕಾರು ಮೇಕೆಯ ಹಾಗೆ ಕೆಮ್ಮುತ್ತಿತ್ತು, ಮಧ್ಯಾಹ್ನದ ನಿದ್ದೆಯೇ ಆಗಲಿಲ್ಲ, ಅದಕ್ಕೊಂದು ಕಷಾಯ ಕುಡಿಸಬಾರದೇ ಎಂದು.

ಆಗ ನನ್ನ ತಲೆಗೆ ಕಾಡಾನೆ ಗುದ್ದಿದಂತಾಯಿತು. ಕಾಡಾನೆಯನ್ನು ನಾನು ನೋಡಿಲ್ಲ, ಆದರೆ ಗುದ್ದಿದರೆ ಹಾಗೇ ಇರುತ್ತದೆ.

ನಮ್ಮ ಊರಲ್ಲಿ ಚಳಿಗಾಲದ ಕಾರನ್ನು ಯಾರು ನೋಡಿದ್ದಾರೆ? ಕಾಣುವುದು ದಪ್ಪ ರಜಾಯಿ ಹೊದ್ದ ಒಂದು ಗುಡ್ಡ, ಹಿಂದೆ ಬಿಳಿ ಹೊಗೆ. ಗುಡ್ಡ, ಹೊಗೆ, ಅಷ್ಟಾದರೆ ನಮಗೆ ಅದು ಕಾರು. ಒಳಗೆ ಯಾರಿದ್ದಾರೆಂದು ಬಗ್ಗಿ ನೋಡುವುದಿಲ್ಲ. ಯಾರೂ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ರಜಾಯಿ ಎತ್ತುವುದಂತೂ ಇಲ್ಲವೇ ಇಲ್ಲ. ಐವತ್ತರ ಚಳಿಯಲ್ಲಿ ಬೇರೆಯವರ ಕಾರಿನ ರಜಾಯಿ ಎತ್ತುವುದೂ ಒಂದೇ, ಬೇರೆಯವರ ಮಗುವಿನ ಮೇಲಿನ ಹೊದಿಕೆ ಎಳೆಯುವುದೂ ಒಂದೇ. ಈ ಮರ್ಯಾದೆಯನ್ನೇ ಅವನು ಕಳ್ಳತನಕ್ಕೆ ಮೆಟ್ಟಿಲು ಮಾಡಿಕೊಂಡಿದ್ದ.

"ನಿನ್ನ ಕೊಟ್ಟಿಗೆ ತೋರಿಸು," ಎಂದ ಎರ್ಚಿಮ್.

ಕೀಲಿ ಕಳೆದಿದೆ ಎಂದ ವಿಸ್ಸಾರಿಯೋನ್. ನಾನು ನನ್ನ ಭುಜ ತೋರಿಸಿದೆ. ಈ ಭುಜಕ್ಕೆ ಹೆದರಿ ಜೈಲಿನ ಬಾಗಿಲುಗಳೇ ತಾವಾಗಿ ತೆರೆದುಕೊಂಡ ಕಾಲವಿತ್ತು. ಕೀಲಿ ಅವನ ಜೇಬಿನಲ್ಲೇ ಸಿಕ್ಕಿತು.

ನನ್ನ ಬಾಗಿಲಿನಿಂದ ಅವನ ಕೊಟ್ಟಿಗೆಗೆ ಐವತ್ತು ಹೆಜ್ಜೆ. ಉಸಿರು ಬಿಟ್ಟರೆ ಕಿವಿಯ ಹತ್ತಿರ ಅದು ಪುಡಿಪುಡಿಯಾಗಿ ಉದುರುವ ಸದ್ದು. ಟೀಚರನ್ನು ತುಪ್ಪಳದ ಕೋಟಿನಲ್ಲಿ ಸುತ್ತಿ, ಹೆಚ್ಚುಕಡಿಮೆ ಹೊತ್ತುಕೊಂಡೇ ನಡೆದೆ. ಅವರ ತೂಕ ಏನೂ ಇಲ್ಲ, ಎಲ್ಲವೂ ಬುದ್ಧಿ.

ಕೊಟ್ಟಿಗೆಯ ಮೂಲೆಯಲ್ಲಿ ಕುದುರೆ ಹುಲ್ಲಿನ ಹೊರೆಗಳು. ಸಾಲಾಗಿ ಅಲ್ಲ, ಕಾರಿನಷ್ಟೇ ಉದ್ದ, ಕಾರಿನಷ್ಟೇ ಅಗಲ, ಮೇಲೆ ಗಾಜಿನ ಇಳಿಜಾರಿನಂತೆ ಒಂದು ಹೊರೆ ವಾಲಿಸಿ ಜಾರುಗಾಡಿಯ ಮೇಲೆ ಜೋಡಿಸಿದ್ದ. ನಡುವಿನ ಗೂಡಿನಲ್ಲಿ ರಿಮೋಟಿನಿಂದ ಏಳುವ ಚಿಕ್ಕ ಜನರೇಟರ್. ಹೊಗೆ ಹಿಂದಕ್ಕೆ ಹೋಗಲು ಒಂದು ತಗಡಿನ ಕೊಳವೆ. ಹಳೆಯ ರಜಾಯಿಯಲ್ಲಿ ಕೊಳವೆ ತಾಗಿ ಸುಟ್ಟ ಬಟ್ಟಲಗಲದ ತೂತು.

ಎರ್ಚಿಮ್ ಬಾಯಿ ತೆರೆದು ನಿಂತ. ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಮೆಚ್ಚುಗೆಯೇ ಬಂತು. ಇಂಥ ಕೈಚಳಕವನ್ನು ಒಳ್ಳೆಯ ಕೆಲಸಕ್ಕೆ ಹಚ್ಚಿದ್ದರೆ ಅವನಿಗೊಂದು ಪ್ರತಿಮೆ ನಿಲ್ಲಿಸಬಹುದಿತ್ತು, ನನ್ನ ಪ್ರತಿಮೆಯ ಪಕ್ಕದಲ್ಲಿ, ಸ್ವಲ್ಪ ಗಿಡ್ಡದಾಗಿ.

ಟೀಚರ್ ಜನರೇಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಂತಿ ಅಂಟಿಸಿದ್ದ ಜಾಗದ ಅಂಟಿನ ಕಲೆಯನ್ನು ಬೆರಳಿನಿಂದ ಸವರಿದರು. ಅವರ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ.

"ನನ್ನ ಡಬ್ಬಿಗೆ ಕಾರು ಯಾವುದು, ಕಳ್ಳಯಂತ್ರ ಯಾವುದು ಅಂತ ಗೊತ್ತಾಗಲ್ಲ," ಎಂದರು. "ಚಳಿಯಾದದ್ದನ್ನ ಎಬ್ಬಿಸು ಅಂತ ಮಾತ್ರ ಕಲಿಸಿದ್ದೆ. ಅದು ಎಬ್ಬಿಸಿದೆ. ಎಷ್ಟು ಬಿಸಿ ಅಂತ ನಿಜಾನೇ ಬರೆದಿದೆ. ಪಾಪ, ಅದರ ತಪ್ಪೇನಿಲ್ಲ."

ಅಂಗಳದಲ್ಲಿ ಗುಡ್ಡ ಹೊಗೆ ಬಿಡುತ್ತಿದ್ದಾಗ ವಿಸ್ಸಾರಿಯೋನ್ ನಿಜವಾದ ಕಾರಿನಲ್ಲಿ ಅರೀಲಾಖ್ ದಾರಿಯಲ್ಲಿದ್ದ. ಮನೆಗೆ ಬಂದವನೇ ಗುಡ್ಡವನ್ನು ಕೊಟ್ಟಿಗೆಗೆ ಎಳೆದು, ಡಬ್ಬಿಯನ್ನು ಮತ್ತೆ ಕಾರಿಗೆ ಸೇರಿಸಿದ್ದ. ಹೆಚ್ಚು ಸಲ ಎದ್ದಷ್ಟೂ ಸಾಕ್ಷಿ ಗಟ್ಟಿ ಎಂದುಕೊಂಡಿದ್ದ. ಟೀಚರ ತರಗತಿಯಲ್ಲಿ ಅವನು ಒಂದು ದಿನವೂ ಕೂತವನಲ್ಲ, ಅದೇ ಎಡವಟ್ಟು.

ಎರ್ಚಿಮ್ ಅವನ ತೋಳು ಹಿಡಿದ. ವಿಸ್ಸಾರಿಯೋನ್ ಕೊಸರಾಡಲಿಲ್ಲ. ಹಾರ ತನ್ನ ಬಳಿ ಇಲ್ಲ, ಕೈದಾಟಿ ಹೋಗಿದೆ ಎಂದ. ಬೀಗ ತೆರೆದದ್ದು ಹೇಗೆ ಎಂದು ಕೇಳಿದ್ದಕ್ಕೆ, ಕೀಲಿಯಿಂದ ಎಂದ. ಕೀಲಿ ಯಾರು ಕೊಟ್ಟರು ಎಂದರೆ ನನ್ನತ್ತ ನೋಡಿ ನಕ್ಕ.

"ಗವ್ರೀಲಣ್ಣ, ನಿಮ್ಮ ಕಥೆ ಅಂದ್ರೆ ನನಗೆ ಪ್ರಾಣ. ಮುಂದಿನದು ನೀವೇ ಹೇಳಿ, ನಾನು ಕೇಳ್ತೀನಿ."

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೀಲಿಗೆ ನಕಲು ಮಾಡಿಸಿರಬೇಕು, ಅಷ್ಟೇ. ಗಂಟೆ ಒಂದೂವರೆ. ಮಾವ್ರಾಗಾಗಿ ಒಂದು ಕುದುರೆಯನ್ನೇ ಬೇಯಿಸಲು ಹಾಕಬೇಕು, ಊರಿಗೆಲ್ಲ ಊಟ ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ. ಅವಳಿಗೆ ಆರು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟವನು ನಾನು. ಇದರಲ್ಲಿ ಮಾತ್ರ ಏನೂ ಸೇರಿಸಿಲ್ಲ.

"ಎರಡು ಗಂಟೆಗೆ ಕಾರು ಬೇಡ ತಾನೇ?" ಎಂದು ಕೇಳಿದೆ.

ಎರ್ಚಿಮ್ ಟೀಚರ ಲ್ಯಾಪ್‌ಟಾಪಿನಿಂದ ತನ್ನ ಫೋನಿಗೆ ಇಳಿಸಿಕೊಂಡಿದ್ದ ದಿನಚರಿಯನ್ನು ಬೆರಳಲ್ಲಿ ಸರಿಸುತ್ತ ನಿಂತಿದ್ದ. ಎಂಟನೇ ತರಗತಿಯಲ್ಲಿ ಲೋಟವನ್ನೂ ಸಮೋವಾರನ್ನೂ ತಿಳಿಯದಿದ್ದವನು ಈಗ ಒಂದು ಸಾಲಿನ ಮೇಲೆ ನಿಂತುಬಿಟ್ಟ.

"ಅಕುಲೀನಾ ರೊಮಾನೊವ್ನಾ, ನೀವು ಒಂದು ಸಾಲು ಬಿಟ್ಟು ಓದಿದ್ರಿ."

ಟೀಚರ್ ಆ ಅಂಟಿನ ಕಲೆಯನ್ನೇ ಮತ್ತೆ ಸವರಿದರು.

"ಮೂರು ಗಂಟೆಗೆ ಮೂರು ಸಲ ಪ್ರಯತ್ನ, ಎದ್ದಿಲ್ಲ. ಡಬ್ಬಿ ಸುಮ್ಮನಾಗಿದೆ. ಮೂರೂ ಇಪ್ಪತ್ತಕ್ಕೆ ಕತ್ತರಿ ಗುರುತು. ಆ ಹೊತ್ತಲ್ಲಿ ಇವನು ಅರೀಲಾಖ್‌ನಲ್ಲಿದ್ದ. ಹಾಗಾದ್ರೆ ಇಲ್ಲಿ ನಿಂತು ಕೈಯಿಂದ ಗುಂಡಿ ಒತ್ತಿದ್ದು ಯಾರು?"

ಬುದ್ಧಿವಂತರನ್ನು ಮೆಚ್ಚುವುದು ನನ್ನ ಸ್ವಭಾವ. ಭಲೇ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಹುಲ್ಲಿನ ಹೊರೆಗಳ ನಡುವೆ ಕೈ ಹಾಕಿ ತಡಕಾಡತೊಡಗಿದ್ದ. ಯಾರೋ ಜನರೇಟರಿಗೆ ಬಗ್ಗಿದಾಗ ಕೈಗವಸಿನ ಮೇಲಿನಿಂದ ಏನೋ ಜಾರಿ ಒಳಗೆ ಬಿದ್ದಿತ್ತು. ಅವನು ಅದನ್ನು ಎಳೆದು ಬೆಳಕಿಗೆ ಹಿಡಿದ.

ಡಬ್ಬಿಯ ಕೈಗುಂಡಿ. ಈ ಚಳಿಯಲ್ಲಿ ಜೇಬಿಗೆ ಕೈ ಹಾಕುವಂತಿಲ್ಲ, ಹೀಗಾಗಿ ಚಿಕ್ಕ ಸಾಮಾನನ್ನೆಲ್ಲ ನಾವು ಹುರಿಗೆ ಕಟ್ಟಿ ಮಣಿಕಟ್ಟಿಗೆ ನೇತುಹಾಕಿಕೊಳ್ಳುತ್ತೇವೆ. ಇದನ್ನೂ ಹಾಗೇ ಕಟ್ಟಿದ್ದರು.

ಕುದುರೆಬಾಲದ ಹುರಿ. ಕಪ್ಪು, ಬಿಳಿ. ಏಳು ಸುತ್ತು ಒಳಗೆ, ಏಳು ಹೊರಗೆ, ನಡುವೆ ಒಂದು ಬಿಳಿ ಎಳೆ ಹಾವಿನಂತೆ.

ನನ್ನ ಕೈ ಸೊಂಟದ ಚಾಕುವಿಗೆ ಹೋಯಿತು. ಅದರ ಹುರಿ ಅಲ್ಲೇ ಇತ್ತು. ಟೀಚರ್ ತಮ್ಮ ಕುತ್ತಿಗೆಯ ಕನ್ನಡಕದ ಹುರಿಯನ್ನು ಕೋಟಿನ ಹೊರಗೆ ಎಳೆದು ತೋರಿಸಿದರು. ಅವರ ಕಣ್ಣು ನೋಡಿದ ಮೇಲೆ ಗೊತ್ತಾಯಿತು, ಆ ಸಾಲನ್ನು ಅವರು ಯಾರಿಗಾಗಿ ಬಿಟ್ಟು ಓದಿದ್ದರೆಂದು.

ಮೂರನೆಯ ಹುರಿಯನ್ನು ನಾನು ನಾಲ್ಕು ವರ್ಷದ ಹಿಂದೆ ಮ್ಯೂಸಿಯಂನ ಕೀಲಿಗೆ ಕಟ್ಟಿಕೊಟ್ಟಿದ್ದೆ. ಎಂದೂ ಕಳೆದುಹೋಗಬಾರದೆಂದು. ಬೆಳಿಗ್ಗೆ ನನ್ನ ಮೇಜಿನ ಮೇಲೆ ಆ ಕೀಲಿ ಹಸಿರು ಉಲ್ಲನ್ ದಾರದಲ್ಲಿ ನೇತಾಡುತ್ತಿತ್ತು. ನನ್ನ ಮೂಗಿನ ಕೆಳಗೇ ಇತ್ತು, ಟೀಚರ್ ಆಗಲೇ ನೋಡಿದ್ದರು, ನಾನು ಗಂಟಿನ ಬಗ್ಗೆ ಭಾಷಣ ಮಾಡುತ್ತಿದ್ದೆ.

ಭಾನುವಾರ ಮೂರೂ ಇಪ್ಪತ್ತು. ಆ ಹೊತ್ತಿಗೆ ನನ್ನ ಒಲೆಯ ಮೇಲೆ ಹಾಲು ಹಾಕಿದ ಚಹಾ ಕುದಿಯುತ್ತಿತ್ತು. ಜ್ವರವೆಂದು ಮಲಗಿದ್ದೆ ಎಂದವಳು, ಕೀಲಿಯನ್ನು ವಿಸ್ಸಾರಿಯೋನ್‌ಗೆ ಕೊಟ್ಟು, ಅದರ ಹುರಿಯಲ್ಲಿ ಈ ಗುಂಡಿ ಕಟ್ಟಿಕೊಂಡು ಇಲ್ಲಿ, ಐವತ್ತು ಹೆಜ್ಜೆಯಾಚೆ ಮಂಜಿನಲ್ಲಿ ನಿಂತಿದ್ದಳು. ಅಣ್ಣನ ಬಾಗಿಲು ತಟ್ಟಲಿಲ್ಲ.

"ಗವ್ರೀಲ್ ಮಾವ." ಎರ್ಚಿಮ್‌ನ ದನಿ ಮೆತ್ತಗಿತ್ತು, ಅದೇ ಹೆಚ್ಚು ಚುಚ್ಚಿತು. "ಮೂರೇ ಹುರಿ ಅಂದ್ರಿ. ಮೂರನೇದು ಯಾರಿಗೆ ಕೊಟ್ರಿ?"

ವಿಸ್ಸಾರಿಯೋನ್ ಕುತೂಹಲದಿಂದ ತಲೆ ವಾಲಿಸಿದ.

ಹೊರಗೆ, ಪಟ್ಟಣಕ್ಕೆ ಹೋಗಬೇಕಿದ್ದ ಪೊಲೀಸ್ ಕಾರು, ಯಾರೂ ಮುಟ್ಟದೆ, ಟೀಚರ ಡಬ್ಬಿಯ ಮಾತು ಕೇಳಿ ತಾನಾಗಿ ಎದ್ದು ಗುರುಗುಟ್ಟತೊಡಗಿತು. ನಾನು ಬಾಯಿ ತೆರೆದೆ. ಮೂವತ್ತೊಂದು ಚಳಿಗಾಲದಲ್ಲಿ ಒಂದು ದಿನವೂ ಕೈಕೊಡದ ಬಾಯಿ. ಒಂದು ಸಲ, ಎರಡು ಸಲ, ಮೂರು ಸಲ ಪ್ರಯತ್ನಿಸಿತು. ಆಮೇಲೆ ಸುಮ್ಮನಾಯಿತು.